ಲಾರಿಯ ಚಾವಿಗೆ ಮನೆಯಲ್ಲೇ ಒಂದು ಪರೀಕ್ಷೆ

ಇಸಳೂರಿನ ನಮ್ಮ ಮನೆಯ ಜಗಲಿಯಲ್ಲಿ, ಬಾಗಿಲಿನ ಬಲಕ್ಕೆ, ಒಂದು ಮೊಳೆ ಉಂಟು. ಹಿರಿಯಣ್ಣ ಘಟ್ಟ ಹತ್ತಿ ಮನೆ ಸೇರಿದ ರಾತ್ರಿ ಲಾರಿಯ ಚಾವಿ ಅದರಲ್ಲಿ ನೇತಾಡುತ್ತದೆ. ಚಾವಿ ಇಲ್ಲ ಎಂದರೆ ಅಣ್ಣ ದಾರಿಯಲ್ಲಿದ್ದಾರೆ ಎಂದರ್ಥ. ಮನೆಯ ಚಿಕ್ಕ ಮಕ್ಕಳಿಗೂ ಅದು ಗೊತ್ತು. ಕಳೆದ ಮಳೆಗಾಲದಿಂದ ಚಾವಿ ಮೊಳೆಯಲ್ಲೇ ಇರುವ ದಿನಗಳು ಜಾಸ್ತಿಯಾದವು. ಅಣ್ಣನ ಎಡ ಮೊಣಕಾಲು ಕ್ಲಚ್ ಒತ್ತಲು ಒಪ್ಪುತ್ತಿಲ್ಲ. ಲಾರಿಯ ಸಾಲದ ಕಂತು ಮೊಣಕಾಲು ನೋಡಿಕೊಂಡು ಬರುವುದಿಲ್ಲವಲ್ಲ.

ಹಾಗಾಗಿ ಎಲ್ಲರ ಕಣ್ಣು ಅಕ್ಕನ ಮಗನ ಕಡೆ ಹೋಯಿತು. ವಯಸ್ಸು 22. ಕಾರಿನ ಲೈಸೆನ್ಸ್ ಆಗಿ ಮೂರು ವರ್ಷ. ಮಾಮನ ಪಕ್ಕ ಕೂತು ದೇವಿಮನೆ ಘಟ್ಟ, ಅರಬೈಲ್ ಘಟ್ಟ ಎಷ್ಟು ಸಲ ಇಳಿದು ಹತ್ತಿದ್ದಾನೋ ಲೆಕ್ಕವಿಲ್ಲ. ನಮ್ಮ ಉಪ್ಪ ಪುತ್ತೂರು ಕಡೆಯಿಂದ ಲಾರಿ ಕ್ಲೀನರಾಗಿ ಶಿರಸಿಗೆ ಬಂದು ಇಲ್ಲೇ ಮನೆ ಮಾಡಿದವರು. ಗಾಡಿ ಅಂದರೆ ನಮ್ಮ ಮನೆಯಲ್ಲಿ ಹೊಸ ವಿಷಯ ಏನಲ್ಲ. "ನಾಳೆಯಿಂದಲೇ ಹೊರಡ್ತೇನೆ ಮಾಮ" ಎಂದ ಹುಡುಗ. ಅಕ್ಕನೂ ಹೂಂ ಎಂದರು. ನಾವೂ ಹೂಂ ಎಂದೆವು.

ಅಣ್ಣ ಮಾತ್ರ ಚಾವಿ ಕೊಡಲಿಲ್ಲ. "ಮೊದಲು ಹೆವಿ ಲೈಸೆನ್ಸ್ ಆಗಲಿ ಮೋನೆ. ಅದಕ್ಕೂ ಮೊದಲು ನಾನು ಕೇಳಿದ್ದಕ್ಕೆ ಉತ್ತರ ಹೇಳು" ಎಂದರು. ಕೇಳಿದ ಮೊದಲ ಪ್ರಶ್ನೆ ಬಹಳ ಸಣ್ಣದು. ಕೆಂಪು ಅಂಚಿನ ತ್ರಿಕೋನದ ಬೋರ್ಡಿಗೂ ಕೆಂಪು ಅಂಚಿನ ದುಂಡು ಬೋರ್ಡಿಗೂ ವ್ಯತ್ಯಾಸ ಏನು?

ಹುಡುಗನಿಗೆ ಬರಲಿಲ್ಲ. "ಎಲ್‌ಎಲ್‌ಆರ್ ಟೆಸ್ಟಿನಲ್ಲಿ ಇದು ಇರಲಿಲ್ವಾ?" ಎಂದು ಕೇಳಿದಾಗ ಒಂದು ಸತ್ಯ ಹೊರಗೆ ಬಂತು. ಆಗ ಆಧಾರ್ ಹಾಕಿ ಮನೆಯಿಂದಲೇ ಆನ್‌ಲೈನಿನಲ್ಲಿ ಟೆಸ್ಟ್ ಕೊಟ್ಟದ್ದು. ಉತ್ತರ ಹೇಳಿಕೊಟ್ಟದ್ದು ಪಕ್ಕದಲ್ಲಿ ಕೂತ ಚಿಕ್ಕಪ್ಪನ ಮಗ. ಇವನು ಬರೇ ಬಟನ್ ಒತ್ತಿದ್ದು. ನಿಜ ಹೇಳಬೇಕೆಂದರೆ ನಾವೆಲ್ಲ ಅವತ್ತು ಅಲ್ಲೇ ಇದ್ದೆವು. ಪಾಸಾದ ಅಂತ ಚಹಾ ಕುಡಿದು ನಕ್ಕವರೂ ನಾವೇ.

ಕಾನೂನು ಏನು ಕೇಳುತ್ತದೆ ಎಂದು ಇಲ್ಲೇ ಹೇಳಿಬಿಡುತ್ತೇವೆ. ಯಾಕೆಂದರೆ ನಮಗೂ ಅರ್ಧಂಬರ್ಧ ಮಾತ್ರ ಗೊತ್ತಿತ್ತು. 1988ರ ಮೋಟಾರು ವಾಹನ ಕಾಯ್ದೆಯಂತೆ ಬಾಡಿಗೆ ಲಾರಿಯಂಥ ಸಾರಿಗೆ ವಾಹನ ಓಡಿಸಲು 20 ವರ್ಷ ತುಂಬಿರಬೇಕು. ಕಾರು ಜೀಪಿನ ಲೈಸೆನ್ಸ್, ಅಂದರೆ ಎಲ್‌ಎಂವಿ, ಕೈಗೆ ಬಂದು ಕನಿಷ್ಠ ಒಂದು ವರ್ಷ ಆಗಿರಬೇಕು. ಡಾಕ್ಟರು ಪರೀಕ್ಷಿಸಿ ಸಹಿ ಹಾಕಿದ ಫಾರಂ 1ಎ ಬೇಕು. ಡ್ರೈವಿಂಗ್ ಸ್ಕೂಲಿನವರು ಕೊಡುವ ಫಾರಂ 5 ಬೇಕು. ಅದಕ್ಕೆ ಕನಿಷ್ಠ 30 ದಿನದ ತರಬೇತಿ, ಅದರಲ್ಲಿ 15 ಗಂಟೆ ಗಾಡಿ ಓಡಿಸಿಯೇ ಕಲಿಯಬೇಕು. ಎಲ್‌ಎಲ್‌ಆರ್ ಆರು ತಿಂಗಳು ನಡೆಯುತ್ತದೆ. ಅದು ಸಿಕ್ಕಿ 30 ದಿನ ಕಳೆಯದೆ ಡ್ರೈವಿಂಗ್ ಟೆಸ್ಟಿಗೆ ಹೋಗುವಂತಿಲ್ಲ.

ಓದಿನ ವಿಷಯ ಬಹಳ ಮಂದಿ ಕೇಳುತ್ತಾರೆ. ಎಂಟನೇ ಕ್ಲಾಸು ಪಾಸಾಗಿರಬೇಕು ಎಂಬ ನಿಯಮ ಮೊದಲು ಇತ್ತು. 2019ರಲ್ಲಿ ಕೇಂದ್ರ ಸರಕಾರ ಅದನ್ನು ತೆಗೆದುಹಾಕಿದೆ. ಆರನೆಯದಕ್ಕೋ ಏಳನೆಯದಕ್ಕೋ ಶಾಲೆ ಬಿಟ್ಟು ಅಂಗಡಿಗೆ, ದಕ್ಕೆಗೆ, ಲಾರಿಗೆ ಸೇರಿದವರು ನಮ್ಮಲ್ಲಿ ಮನೆಗೊಬ್ಬರಾದರೂ ಸಿಗುತ್ತಾರೆ. ಅಂಥವರಿಗೆ ಈಗ ಬಾಗಿಲು ತೆರೆದಿದೆ. ಆದರೆ ಓದಿನ ಷರತ್ತು ಹೋಯಿತು ಅಂದರೆ ಓದುವ ಕೆಲಸವೇ ಹೋಯಿತು ಅಂತ ಅಲ್ಲ.

ಇನ್ನು ಜ್ಞಾನ ಪರೀಕ್ಷೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 11ನೇ ನಿಯಮ ಎಲ್‌ಎಲ್‌ಆರ್ ಕೇಳುವವನಿಗೆ ನಾಲ್ಕು ವಿಷಯ ಗೊತ್ತಿರಬೇಕು ಎನ್ನುತ್ತದೆ. ರಸ್ತೆ ಚಿಹ್ನೆ, ಸಿಗ್ನಲ್ ಮತ್ತು ರಸ್ತೆ ನಿಯಮ ಒಂದು. ಅಪಘಾತವಾದರೆ ಚಾಲಕನ ಕರ್ತವ್ಯ ಇನ್ನೊಂದು. ಕಾವಲಿಲ್ಲದ ರೈಲ್ವೆ ಕ್ರಾಸಿಂಗಿನಲ್ಲಿ ವಹಿಸಬೇಕಾದ ಎಚ್ಚರಿಕೆ ಮೂರನೆಯದು. ಗಾಡಿಯಲ್ಲಿ ಇರಬೇಕಾದ ಕಾಗದಪತ್ರ ಕೊನೆಯದು. ನೂರಕ್ಕೆ 60 ಸಿಕ್ಕಿದರೆ ಪಾಸು. ಅದೇ ನಿಯಮದಲ್ಲಿ ಒಂದು ವಿನಾಯಿತಿಯೂ ಉಂಟು. ಈಗಾಗಲೇ ಡ್ರೈವಿಂಗ್ ಲೈಸೆನ್ಸ್ ಇದ್ದವನಿಗೆ ಈ ಪರೀಕ್ಷೆ ಮತ್ತೆ ಇಲ್ಲ. ಅಂದರೆ ನಮ್ಮ ಹುಡುಗ ಅವತ್ತು ಚಹಾದ ಹೊತ್ತಿಗೆ ಒತ್ತಿದ ಬಟನ್ನುಗಳೇ ಆರು ಗಾಲಿಯ ಲಾರಿಗೂ ಸಾಕು. ಮುಂದೆ ಡ್ರೈವಿಂಗ್ ಸ್ಕೂಲಿನ ಪಾಠ ಉಂಟು, ಟೆಸ್ಟಿನ ದಿನ ಇನ್ಸ್‌ಪೆಕ್ಟರು ಬಾಯಿಯಲ್ಲಿ ಏನಾದರೂ ಕೇಳಬಹುದು. ಕೂತು ಬರೆಯುವ ಪರೀಕ್ಷೆ ಮಾತ್ರ ಇನ್ನಿಲ್ಲ.

"ಹಾಗಾದರೆ ಅದನ್ನು ನಾನೇ ಮಾಡ್ತೇನೆ" ಎಂದರು ಅಣ್ಣ.

ಇಶಾ ನಮಾಝ್ ಮುಗಿದ ಮೇಲೆ ಜಗಲಿಯಲ್ಲಿ ಕೂರುವುದು ಅಂತಾಯಿತು. ಸಾರಿಗೆ ಇಲಾಖೆಯ ಮಾದರಿ ಪ್ರಶ್ನೆಗಳು ಕನ್ನಡದಲ್ಲೇ ಸಿಗುತ್ತವೆ, ಅದನ್ನು ಪ್ರಿಂಟ್ ತೆಗೆಸಿದೆವು. ಅಣ್ಣನಿಗೆ ಕನ್ನಡ ಅಕ್ಷರ ಕೂಡಿಸಿ ಓದಲು ತಡವಾಗುತ್ತದೆ. ಅವರು ಓದಿದ್ದು ಆರನೇ ಕ್ಲಾಸು, ಲೈಸೆನ್ಸ್ ಮಾಡಿಸಿದ್ದು ಎಂಟನೆಯ ನಿಯಮ ಬರುವ ಮೊದಲು. ಹಾಗಾಗಿ ಪ್ರಶ್ನೆ ಓದುವ ಕೆಲಸ ಅಕ್ಕನದ್ದು, ಅರ್ಥ ಬಿಡಿಸುವ ಕೆಲಸ ಅಣ್ಣನದ್ದು. ಓದುವುದು ಕನ್ನಡ, ಜಗಳ ಮಾಡುವುದು ಬ್ಯಾರಿ. 60ಕ್ಕೆ ಪಾಸು ಎಂದು ಹುಡುಗ ನೆನಪಿಸಿದಾಗ ಅಣ್ಣ ಒಪ್ಪಲಿಲ್ಲ. "ಹತ್ತರಲ್ಲಿ ಆರು ಸರಿ ಅಂದ್ರೆ ಹತ್ತು ತಿರುವಿನಲ್ಲಿ ನಾಲ್ಕು ತಪ್ಪು. ದೇವಿಮನೆಯಲ್ಲಿ ಒಂದು ತಪ್ಪಿದರೆ ಸಾಕಲ್ಲ ಮಾರಾಯ."

ಚಿಹ್ನೆಗಳು ಎರಡೇ ರಾತ್ರಿಯಲ್ಲಿ ಮುಗಿದವು. ದುಂಡಗಿನದ್ದು ಆಜ್ಞೆ, ಪಾಲಿಸಲೇಬೇಕು. ತ್ರಿಕೋನ ಎಚ್ಚರಿಕೆ. ಚೌಕಟ್ಟಿನದ್ದು ಮಾಹಿತಿ, ಆಸ್ಪತ್ರೆ, ಪೆಟ್ರೋಲ್ ಪಂಪು ಎಲ್ಲಿದೆ ಎಂದು ಹೇಳುವಂಥದ್ದು. ನಿಲ್ಲು ಎನ್ನುವುದಕ್ಕೆ ಎಂಟು ಮೂಲೆ, ದಾರಿ ಬಿಡು ಎನ್ನುವುದಕ್ಕೆ ತಲೆಕೆಳಗಾದ ತ್ರಿಕೋನ. ಆಕಾರ ಗೊತ್ತಿದ್ದರೆ ಬೋರ್ಡಿಗೆ ಕೆಸರು ಹಾರಿದ್ದರೂ ಅರ್ಧ ಉತ್ತರ ಸಿಕ್ಕಿದ ಹಾಗೆ. ನಮ್ಮ ಕಡೆ ಮಳೆಗಾಲದಲ್ಲಿ ಕೆಸರಿಲ್ಲದ ಬೋರ್ಡು ಹುಡುಕಬೇಕು, ಅದು ಬೇರೆ ಮಾತು.

ರೈಲ್ವೆ ಕ್ರಾಸಿಂಗಿನ ಪ್ರಶ್ನೆ ಬಂದಾಗ ಹುಡುಗ ನಕ್ಕ. ಶಿರಸಿಗೆ ರೈಲೇ ಇಲ್ಲ. ಕೆಳಗೆ ಕುಮಟಾಕ್ಕೆ ಹೋಗಬೇಕು, ಇಲ್ಲವೇ ಆಚೆ ತಾಳಗುಪ್ಪಕ್ಕೆ. ಬ್ರಾಡ್‌ಗೇಜ್ ದಾರಿಯಲ್ಲಿ ಕಾವಲಿಲ್ಲದ ಗೇಟುಗಳನ್ನು 2019ರ ಹೊತ್ತಿಗೇ ತೆಗೆದಿದ್ದಾರೆ. ಆದರೂ ಪ್ರಶ್ನೆ ಹಾಗೇ ಉಳಿದಿದೆ. ಕಾಯ್ದೆಯ 131ನೇ ಸೆಕ್ಷನ್ ಹೇಳುವುದು ಇಷ್ಟು. ಗಾಡಿ ನಿಲ್ಲಿಸಬೇಕು, ಕ್ಲೀನರ್ ಇಳಿದು ಹಳಿಯ ತನಕ ನಡೆದು ಎರಡೂ ಕಡೆ ನೋಡಬೇಕು, ಆಮೇಲೆ ಗಾಡಿಯನ್ನು ದಾಟಿಸಬೇಕು. ಕ್ಲೀನರ್ ಇಲ್ಲದಿದ್ದರೆ ಡ್ರೈವರೇ ಇಳಿಯಬೇಕು. "ಇದು ಕಾರವಾರದ ರೈಲಿಗೆ ಮಾತ್ರ ಅಲ್ಲ. ಮಂಜು ಬಿದ್ದ ತಿರುವಿನಲ್ಲಿ ರಿವರ್ಸ್ ತೆಗೆಯುವಾಗಲೂ ಇಳಿದು ನೋಡು. ಇಳಿದರೆ ಲೈಸೆನ್ಸಿಗೆ ಅವಮಾನ ಆಗುದಿಲ್ಲ" ಎಂದರು ಅಣ್ಣ.

ಘಟ್ಟದ ಪ್ರಶ್ನೆಗಳಿಗೆ ಅಣ್ಣ ಪ್ರಿಂಟ್ ಬದಿಗಿಟ್ಟರು. ಏರುದಾರಿಯಲ್ಲಿ ಎರಡು ಗಾಡಿ ಎದುರಾದರೆ ಯಾರು ನಿಲ್ಲಬೇಕು? ಇಳಿಯುವವನು ನಿಲ್ಲಬೇಕು, ಹತ್ತುವವನಿಗೆ ದಾರಿ. ಪುಸ್ತಕದಲ್ಲಿ ಇರುವುದು ಇಷ್ಟೇ. ಯಾಕೆ ಎಂದು ಅಣ್ಣ ಕೇಳಿದರು. ಲೋಡು ತುಂಬಿದ ಗಾಡಿ ಏರಿನಲ್ಲಿ ಒಮ್ಮೆ ನಿಂತರೆ ಮತ್ತೆ ಎತ್ತುವಾಗ ಹಿಂದಕ್ಕೆ ಜಾರುತ್ತದೆ, ಹಿಂದೆ ಬೈಕಿನಲ್ಲಿ ಮಗು ಎತ್ತಿಕೊಂಡ ಹೆಂಗಸು ಇರಬಹುದು. ಇಳಿಯುವವನು ಸಣ್ಣ ಗೇರಿನಲ್ಲಿ ಇದ್ದರೆ ನಿಲ್ಲುವುದು ಕಷ್ಟವಲ್ಲ. ಹಾಗಾಗಿಯೇ ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಿ ಗಾಡಿ ಬಿಡುವವರಿದ್ದಾರೆ. ಆಗ ಇಡೀ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಕಾಲು ಬ್ರೇಕಿನಿಂದ ತೆಗೆಯದೆ ಇಳಿದರೆ ಲೈನರ್ ಕಾದು ಹಿಡಿತ ಬಿಡುತ್ತದೆ, ಮತ್ತೆ ಮತ್ತೆ ಒತ್ತಿದರೆ ಟ್ಯಾಂಕಿನ ಗಾಳಿ ಇಳಿಯುತ್ತದೆ. ಮೀಟರಿನಲ್ಲಿ ಮುಳ್ಳು ಕೆಳಗೆ ಬಂದದ್ದು ನೋಡದವನಿಗೆ ಕೊನೆಯ ತಿರುವಿನಲ್ಲಿ ಗೊತ್ತಾಗುತ್ತದೆ. ಇದನ್ನು ಹೇಳುವಾಗ ಅಣ್ಣ ತನ್ನ ಕಾಲಿನಿಂದ ಜಗಲಿಯ ನೆಲವನ್ನೇ ಒತ್ತಿ ತೋರಿಸುತ್ತಿದ್ದರು, ನೋವಿರುವ ಕಾಲು ಎಂದು ಮರೆತು.

ಆರನೆಯ ರಾತ್ರಿ ಅಕ್ಕ ಓದಿದ ಪ್ರಶ್ನೆ ಹೀಗಿತ್ತು: ಸರಕು ವಾಹನದ ಕ್ಯಾಬಿನ್ನಿನಲ್ಲಿ ಎಷ್ಟು ಜನ ಕೂರಬಹುದು? ಹುಡುಗ ಥಟ್ಟನೆ ಹೇಳಿದ, "ಆರ್‌ಸಿಯಲ್ಲಿ ಬರೆದಷ್ಟು." ಸರಿಯುತ್ತರ. ಆದರೆ ಅಣ್ಣ ಮುಂದಿನ ಪ್ರಶ್ನೆಗೆ ಹೋಗಲು ಬಿಡಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು "ಲೋಡಿನ ಮೇಲೆ?" ಎಂದರು.

ನಮಗೆ ಯಾರಿಗೂ ಬೇರೆ ಏನೂ ಹೇಳಬೇಕಾಗಿರಲಿಲ್ಲ. 2025ರ ಜನವರಿ 22ರ ಬೆಳಗ್ಗೆ ಸವಣೂರಿನಿಂದ ಕುಮಟಾ ಸಂತೆಗೆ ಹೊರಟ ಲಾರಿ ಯಲ್ಲಾಪುರ ತಾಲೂಕಿನ ಗುಳ್ಳಾಪುರದ ಹತ್ತಿರ ಘಟ್ಟದಲ್ಲಿ ಕೆಳಗೆ ಉರುಳಿತು. ತರಕಾರಿ, ಹಣ್ಣಿನ ಲೋಡು. ಅದರ ಜೊತೆ ವ್ಯಾಪಾರಕ್ಕೆ ಹೊರಟವರೂ ಅದೇ ಗಾಡಿಯಲ್ಲಿ ಇದ್ದರು. ಹತ್ತು ಮಂದಿ ತೀರಿಕೊಂಡರು. ಇನ್ನೊಂದು ಗಾಡಿಗೆ ದಾರಿ ಬಿಡಲು ಹೋಗಿ ಎಡಕ್ಕೆ ಸರಿದದ್ದು ಎಂದು ಪೊಲೀಸರು ಹೇಳಿದ್ದರು. ಅವತ್ತು ಅಣ್ಣ ಅಂಕೋಲಾ ಕಡೆ ಇದ್ದರು. ಫೋನ್ ಹತ್ತುವ ತನಕ ಅಕ್ಕ ಒಲೆ ಹಚ್ಚಿರಲಿಲ್ಲ. ಸತ್ತವರು ಸಂತೆಯಿಂದ ಸಂತೆಗೆ ಹೋಗಿ ಬದುಕುವವರು, ನಮ್ಮ ಹಾಗೆಯೇ. ಬಸ್ಸಿನಲ್ಲಿ ಅಷ್ಟು ಗೋಣಿ ಹಾಕಲು ಆಗುವುದಿಲ್ಲ, ಬೇರೆ ಗಾಡಿ ಮಾಡಿದರೆ ಲಾಭ ಉಳಿಯುವುದಿಲ್ಲ. ಹತ್ತಬೇಡಿ ಎಂದು ಹೇಳುವುದು ಸುಲಭ.

ನಾವೂ ಹತ್ತಿದವರೇ. ಪುತ್ತೂರಿನಲ್ಲಿ ಸಂಬಂಧಿಕರ ಮದುವೆಗೆ ಇದೇ ಲಾರಿಯ ಹಿಂದೆ ಚಾಪೆ ಹಾಸಿ ಹೋಗಿದ್ದೆವು. ದೊಡ್ಡವರು ಮಕ್ಕಳು ಸೇರಿ ಹದಿನೇಳು ಮಂದಿ. ಹಾಡು ಹೇಳುತ್ತಾ ಘಟ್ಟ ಇಳಿದದ್ದು ಈಗಲೂ ನೆನಪಿದೆ. "ನಾನೇ ಕೂರಿಸಿದ್ದು" ಎಂದರು ಅಣ್ಣ. "ಯಾರೂ ಕೇಳಲಿಲ್ಲ, ನನಗೂ ಅನ್ನಿಸಲಿಲ್ಲ. ಇವನಿಗೆ ಅನ್ನಿಸಬೇಕು." ಹುಡುಗ ಆ ಪ್ರಶ್ನೆಯ ಪಕ್ಕ ಪೆನ್ನಿನಲ್ಲಿ ಗುರುತು ಹಾಕಿದ. ಆ ರಾತ್ರಿ ಮತ್ತೆ ಪ್ರಶ್ನೆ ಓದಲಿಲ್ಲ.

ಅಪಘಾತದ ಪ್ರಶ್ನೆಯಲ್ಲಿ ಜಗಳವೇ ಆಯಿತು. ಯಾರಿಗಾದರೂ ಗಾಡಿ ತಾಗಿದರೆ ಏನು ಮಾಡಬೇಕು? ಲೈನಿನಲ್ಲಿ ಹುಡುಗರಿಗೆ ಹೇಳಿಕೊಡುವುದು ಒಂದೇ ಮಾತು, ಓಡು. 134ನೇ ಸೆಕ್ಷನ್ ಹೇಳುವುದು ಬೇರೆ. ಗಾಯಗೊಂಡವರನ್ನು ಹತ್ತಿರದ ಡಾಕ್ಟರಲ್ಲಿಗೋ ಆಸ್ಪತ್ರೆಗೋ ತಲುಪಿಸಬೇಕು. ಪೊಲೀಸರು ಕೇಳಿದ ಮಾಹಿತಿ ಕೊಡಬೇಕು. ಸ್ಥಳದಲ್ಲಿ ಪೊಲೀಸರಿಲ್ಲದಿದ್ದರೆ ಆದಷ್ಟು ಬೇಗ, 24 ಗಂಟೆಯೊಳಗೆ, ಹತ್ತಿರದ ಠಾಣೆಗೆ ಹೋಗಿ ತಿಳಿಸಬೇಕು. ಅಕ್ಕನಿಗೆ ಇದು ಹಿಡಿಸಲಿಲ್ಲ. "ಗುಂಪು ಸೇರಿದ ಕಡೆ ಇವನ ಹೆಸರು ಕೇಳಿದ್ರೆ? ಆಮೇಲೆ ಯಾರು ಬರ್ತಾರೆ ಇವನಿಗೆ?" ಎಂದರು. ಈ ಹೆದರಿಕೆ ಯಾವ ಮನೆಯಲ್ಲಿ ಇಲ್ಲ ಹೇಳಿ. ಅದಕ್ಕೆ ಅಣ್ಣ ಸೆಕ್ಷನ್ನಿನ ಸಾಲನ್ನು ಮತ್ತೊಮ್ಮೆ ಓದಿಸಿದರು. ಜನರ ರೋಷದಿಂದಲೋ ತನ್ನ ಕೈಮೀರಿದ ಇನ್ನಾವ ಕಾರಣದಿಂದಲೋ ಆಗದೇ ಹೋದರೆ ಎಂಬ ಮಾತು ಕಾನೂನಿನಲ್ಲೇ ಇದೆ. "ಜೀವಕ್ಕೆ ಅಪಾಯ ಅಂತ ಕಂಡರೆ ಅಲ್ಲಿಂದ ಹೋಗು ಮೋನೆ. ಆದರೆ ಹೋಗುವುದು ಠಾಣೆಗೆ. ಮನೆಗೆ ಅಲ್ಲ, ಪುತ್ತೂರಿಗೂ ಅಲ್ಲ."

ಅದೇ ಹೊತ್ತಿಗೆ ನಮ್ಮ ಪರೀಕ್ಷೆಗೆ ಹೊರಗಿನಿಂದ ಒಂದು ಅಡ್ಡಿ ಬಂತು. ಹೆವಿ ಲೈಸೆನ್ಸ್ ಬೇಡ, ಕಾರಿನ ಲೈಸೆನ್ಸಿನಲ್ಲೇ ಲಾರಿ ಓಡಿಸಬಹುದು ಎಂದು ಸುಪ್ರೀಂ ಕೋರ್ಟ್ ಹೇಳಿದೆ ಎಂಬ ಮೆಸೇಜು ವಾಟ್ಸಾಪಿನಲ್ಲಿ ತಿರುಗಾಡುತ್ತಿತ್ತು. ಹುಡುಗ ಅದನ್ನು ಹಿಡಿದುಕೊಂಡು ಬಂದ. ತೀರ್ಪು ಬಂದದ್ದು ನಿಜ, 2024ರ ನವೆಂಬರ್ 6ರಂದು, ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠದಿಂದ. ಆದರೆ ಅದು ಹೇಳಿದ್ದು ಒಟ್ಟು ತೂಕ 7,500 ಕಿಲೋ ಮೀರದ ಸಾರಿಗೆ ವಾಹನದ ಬಗ್ಗೆ. 407ರಂಥ ಚಿಕ್ಕ ಗಾಡಿ, ಪಿಕಪ್, ಆಟೋ ಓಡಿಸುವವರಿಗೆ ದೊಡ್ಡ ಉಪಕಾರವಾಯಿತು. ನಮ್ಮ ಲಾರಿಯ ಆರ್‌ಸಿ ತೆಗೆದು ನೋಡಿದೆವು. ಒಟ್ಟು ತೂಕ 16,200 ಕಿಲೋ. ಸರಕು ಗಾಡಿ 12,000 ಕಿಲೋ ದಾಟಿದರೆ ಅದು ಹೆವಿ. ಅಲ್ಲಿಗೆ ವಾದ ಮುಗಿಯಿತು.

ತೂಕ ಅಂದರೆ ಖಾಲಿ ಗಾಡಿಯ ತೂಕ ಅಲ್ಲ, ಗಾಡಿ ಮತ್ತು ಲೋಡು ಸೇರಿ ಎಂಬುದನ್ನು ಇಲ್ಲಿ ಹೇಳಲೇಬೇಕು. ಸರಿಯಾದ ಲೈಸೆನ್ಸ್ ಇಲ್ಲದವನು ಓಡಿಸಿ ಅಪಘಾತವಾದರೆ ಏನಾಗುತ್ತದೆ ಎಂಬುದೂ ಮನೆಯವರಿಗೆ ಗೊತ್ತಿರಬೇಕು. ಪರಿಹಾರವನ್ನು ಮೊದಲು ವಿಮಾ ಕಂಪೆನಿ ಕೊಟ್ಟು ಆಮೇಲೆ ಗಾಡಿಯ ಮಾಲಕನಿಂದ ವಸೂಲು ಮಾಡಲಿ ಎಂದು ನ್ಯಾಯಾಲಯ ಹೇಳುವುದುಂಟು. ಮಾಲಕ ಅಂದರೆ ಇಲ್ಲಿ ನಮ್ಮಣ್ಣ. ವಸೂಲು ಅಂದರೆ ಈ ಜಗಲಿ, ಈ ಮನೆ.

ಗ್ಯಾಸ್ ಟ್ಯಾಂಕರಿನಲ್ಲಿ ಸಂಬಳ ಹೆಚ್ಚು ಎಂದು ಹುಡುಗನ ಸ್ನೇಹಿತರು ಹೇಳುತ್ತಾರೆ. ಅದಕ್ಕೆ ಹೆವಿ ಲೈಸೆನ್ಸ್ ಒಂದೇ ಸಾಲದು. ನಿಯಮ 9ರಂತೆ ಅಪಾಯಕಾರಿ ಸರಕು ಸಾಗಿಸುವ ಡ್ರೈವರಿಗೆ ಮೂರು ದಿನದ ಬೇರೆ ತರಬೇತಿ, ಅದು ಪಾಸಾದ ಸರ್ಟಿಫಿಕೇಟು, ಲೈಸೆನ್ಸಿನಲ್ಲಿ ಅದರ ನಮೂದು ಬೇಕು. ಒಂದು ಭಾರತೀಯ ಭಾಷೆಯ ಜೊತೆ ಇಂಗ್ಲಿಷ್ ಓದಲು ಬರೆಯಲು ಬರಬೇಕು. ಟ್ಯಾಂಕರಿನ ಮೇಲಿನ ಎಚ್ಚರಿಕೆ ಓದಲು ಬಾರದವನು ಅದನ್ನು ಓಡಿಸಬಾರದು ಎನ್ನುವುದರಲ್ಲಿ ತಪ್ಪೇನೂ ಕಾಣುವುದಿಲ್ಲ. 2013ರ ಏಪ್ರಿಲ್‌ನಲ್ಲಿ ಪೆರ್ನೆಯಲ್ಲಿ ಟ್ಯಾಂಕರ್ ಉರುಳಿ ಬೆಂಕಿ ಹತ್ತಿದ್ದು ಪುತ್ತೂರು, ಉಪ್ಪಿನಂಗಡಿ ಕಡೆಯವರು ಯಾರೂ ಮರೆತಿಲ್ಲ. ಗಲ್ಫಿಗೆ ಹೋಗಿ ಟ್ರಕ್ ಓಡಿಸುವ ಆಸೆ ಇರುವವರಿಗೂ ಒಂದು ಮಾತು. ದುಬೈಯಲ್ಲಿ ಥಿಯರಿ ಪರೀಕ್ಷೆ ಪಾಸಾಗದೆ ಮುಂದೆ ಹೋಗಲು ಬಿಡುವುದಿಲ್ಲ. ಮಲಯಾಳಂ, ಹಿಂದಿ, ಉರ್ದುವಿನಲ್ಲಿ ಅದನ್ನು ಕೊಡಬಹುದು, ಬ್ಯಾರಿ ಕಿವಿಗೆ ಮಲಯಾಳಂ ದೂರದ್ದಲ್ಲ. ಗಾಡಿ ಮಾತ್ರ ಅಲ್ಲಿ ರಸ್ತೆಯ ಬಲಕ್ಕೆ ಓಡುತ್ತದೆ.

ಹನ್ನೆರಡನೆಯ ರಾತ್ರಿ ಲೆಕ್ಕ ತಿರುಗಿತು. ಹುಡುಗ ಅಷ್ಟು ಹೊತ್ತಿಗೆ ಪ್ರಿಂಟಿನ ಹಾಳೆ ಬಿಟ್ಟು ಕಾಯ್ದೆಯನ್ನೇ ಫೋನಿನಲ್ಲಿ ಓದುತ್ತಿದ್ದ. "ಮಾಮ, ನಾನೊಂದು ಕೇಳ್ತೇನೆ. ಅಪಘಾತ ಆದ ಮೇಲೆ ಆಸ್ಪತ್ರೆ, ಪೊಲೀಸು ಆಯ್ತು. ಮತ್ತೆ ಯಾರಿಗೆ ತಿಳಿಸಬೇಕು?" ಅಣ್ಣ ಯೋಚಿಸಿದರು. ಮಾಲಕನಿಗೆ ಎಂದರು. ಅಲ್ಲ. ಮನೆಗೆ ಎಂದರು. ಅದೂ ಅಲ್ಲ. ವಿಮಾ ಕಂಪೆನಿಗೆ ಬರವಣಿಗೆಯಲ್ಲಿ ತಿಳಿಸಬೇಕು. ಪಾಲಿಸಿ ನಂಬರು, ಅಪಘಾತದ ದಿನ, ಹೊತ್ತು, ಜಾಗ, ಗಾಯಗೊಂಡವರ ವಿವರ, ಡ್ರೈವರಿನ ಹೆಸರು, ಲೈಸೆನ್ಸಿನ ವಿವರ. ಅದೇ 134ರಲ್ಲಿ ಕೊನೆಗೆ ಇದೆ. ಮೂವತ್ತು ವರ್ಷ ಗಾಡಿ ಓಡಿಸಿದ ಅಣ್ಣನಿಗೆ ಅದು ಗೊತ್ತಿರಲಿಲ್ಲ. ಪಾಲಿಸಿ ಎಲ್ಲಿಟ್ಟಿದ್ದಾರೆ ಎಂಬುದೂ ಆ ಹೊತ್ತಿಗೆ ನೆನಪಾಗಲಿಲ್ಲ. ಕಪಾಟಿನ ಮೇಲಿನ ಬಿಸ್ಕತ್ತಿನ ಡಬ್ಬದಲ್ಲಿ ಸಿಕ್ಕಿತು. ಎಲ್ಲ ಸೇರಿ ಕಾಗದ ಎಣಿಸಿದೆವು. ಆರ್‌ಸಿ, ವಿಮೆ, ಪರ್ಮಿಟ್, ಹೊಗೆ ತಪಾಸಣೆ, ಎಫ್‌ಸಿ. ಎಫ್‌ಸಿಯ ಅವಧಿಗೆ ಇನ್ನು 19 ದಿನ ಮಾತ್ರ ಉಳಿದಿತ್ತು. ಎಂಟು ವರ್ಷ ದಾಟಿದ ಲಾರಿಗೆ ಅದನ್ನು ಪ್ರತಿ ವರ್ಷ ಮಾಡಿಸಬೇಕು. ಅಣ್ಣನ ಲೈಸೆನ್ಸನ್ನೂ ಹುಡುಗ ತಿರುಗಿಸಿ ನೋಡಿದ. ಸಾರಿಗೆ ವಾಹನದ ಲೈಸೆನ್ಸ್ ಐದು ವರ್ಷಕ್ಕೊಮ್ಮೆ ನವೀಕರಿಸಬೇಕಲ್ಲ. ಅದು ಬರುವ ವರ್ಷಕ್ಕೆ.

"ಮಾಮ ಫೇಲ್" ಎಂದಳು ಮನೆಯ ಚಿಕ್ಕವಳು. ಅಣ್ಣ ನಗಲಿಲ್ಲ ಅಂತ ಹೇಳುವಂತಿಲ್ಲ.

ಈಗ ಹುಡುಗನ ಹೆವಿ ಎಲ್‌ಎಲ್‌ಆರ್ ಆಗಿದೆ. ಶಿರಸಿಯಲ್ಲಿ ಬೆಳಗ್ಗೆ ತರಬೇತಿಗೆ ಹೋಗಿ ಬರುತ್ತಾನೆ, ಇನ್ನು ಒಂಬತ್ತು ದಿನ ಬಾಕಿ. ಮಧ್ಯಾಹ್ನ ಅಣ್ಣನ ಲಾರಿಯನ್ನು ನೀರು ಹಾಕಿ ತೊಳೆಯುತ್ತಾನೆ, ಗಾಲಿಯ ನಟ್ಟು ತಟ್ಟಿ ನೋಡುತ್ತಾನೆ, ಗಾಳಿ ಟ್ಯಾಂಕಿನ ನೀರು ಬಿಡುತ್ತಾನೆ. ಅಕ್ಕ ಪ್ರಶ್ನೆಯ ಹಾಳೆಗಳನ್ನು ಹೊಲಿದು ಪುಸ್ತಕ ಮಾಡಿದ್ದಾರೆ. ಪಕ್ಕದ ಮನೆಯ ಹುಡುಗ ಬೈಕಿನ ಎಲ್‌ಎಲ್‌ಆರ್ ಮಾಡಿಸಬೇಕು ಅಂತ ಅದನ್ನು ಮೊನ್ನೆ ಕೊಂಡುಹೋದ. ಚಾವಿ ಮೊಳೆಯಲ್ಲೇ ಇದೆ.